ಇಸ್ತ್ರಿಯಮ್ಮನ ಮನೆಗೆ ಬಂದ ಬಾಗಿಲು

ನಾನೀಗ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಉಳಿಗಳೆಲ್ಲ ಮೊಂಡಾಗ್ಲಿ. ಹೋದ ತಿಂಗಳು ಎರಡು ಮೊಂಡಾದವು, ಒಪ್ಕೋತೀನಿ, ಆದ್ರೆ ಅದು ಬೇರೆ ಕಥೆ ಹೇಳಿದ್ದಕ್ಕೆ. ಇದು ನಿಜ. ಕೂತ್ಕೊಳ್ಳಿ ಸ್ವಾಮಿ. ಆ ಸ್ಟೂಲು ಬೇಡ, ಅದನ್ನ ನಾನೇ ಮಾಡಿದ್ದು.

ಚಳಿಗಾಲದ ರಜೆ. ಶಾಲೆ, ಆಫೀಸು, ಮರದ ಡಿಪೋ, ಎಲ್ಲಕ್ಕೂ ಹತ್ತು ದಿನ ಬೀಗ. ಚಳಿ ಎಂಥಾದ್ದು ಅಂದ್ರೆ, ನಾನು ಹೊರಗೆ ಹೊರಟ್ರೆ ನನ್ನ ನೆರಳು 'ನೀನು ಹೋಗ್ಬಾ' ಅಂತ ಮನೇಲೇ ಉಳ್ಕೊಳ್ತಿತ್ತು.

ನಮ್ಮ ಬೀದಿಲಿ ಒಂದು ನೆರವು ಸಮಿತಿ ಇದೆ. ಮೂವತ್ತೆರಡು ಜನ ಸದಸ್ಯರು. ರಜೆ ಬಂತೂಂದ್ರೆ ಕಷ್ಟದಲ್ಲಿರೋ ಮನೆಗಳಿಗೆ ಏನಾದ್ರೂ ಕೊಡ್ಬೇಕು ಅಂತ ಅವರಿಗೆ ಕೈ ತುರಿಸುತ್ತೆ. ಎಡವಟ್ಟು ಏನಪ್ಪಾ ಅಂದ್ರೆ, ಅವರ ಪುಸ್ತಕದ ಪ್ರಕಾರ ಕಷ್ಟದಲ್ಲಿರೋ ಮನೆ ಒಂದೇ. ಇಸ್ತ್ರಿಯಮ್ಮನ ಮನೆ. ಒಂದು ಇಲಿ ಹಿಂದೆ ಮೂವತ್ತೆರಡು ಬೆಕ್ಕು ಬಿದ್ದ ಹಾಗೆ. ಇಲಿಗೆ ಒಳ್ಳೇದು ಮಾಡೋ ಬೆಕ್ಕುಗಳು, ಅಷ್ಟೇ ವ್ಯತ್ಯಾಸ.

ಆಕೆಗೆ ಗಂಡ ತೀರ್ಕೊಂಡು ನಾಲ್ಕು ವರ್ಷ. ಇರೋದು ಒಂದೇ ರೂಮು. ಅದರಲ್ಲಿ ಇಸ್ತ್ರಿ ಮೇಜು, ಕೆಂಡದ ಇಸ್ತ್ರಿಪೆಟ್ಟಿಗೆ, ಮೂರು ಹೆಣ್ಣುಮಕ್ಕಳು, ಒಬ್ಬ ಅತ್ತೆ. ಆ ಅತ್ತೆ-ಸೊಸೆ ಮಧ್ಯೆ ಮಾತು ಕಮ್ಮಿ ಅಂತ ಇಲ್ಲಿವರೆಗೂ ಯಾರೂ ದೂರು ಕೊಟ್ಟಿಲ್ಲ.

ರಜೆಯ ಮೊದಲನೇ ದಿನ ಗಾಳಿ ಬೀಸ್ತು. ಗೆದ್ದಲು ತಿಂದ ಬಾಗಿಲು ಆಕೇದು. ಗಾಳಿ ಒಂದೇ ಸಲ ತಟ್ಟಿದ್ದು, ಬಾಗಿಲೇ ಒಳಗೆ ಬಂದು ನೆಲದ ಮೇಲೆ ಮಲ್ಕೊಂಡ್ಬಿಡ್ತು. ಎತ್ತಕ್ಕೆ ಹೋದ್ರೆ ಹಿಟ್ಟು. ಪೊರಕೆ ತಗೊಂಡು ಬಾಗಿಲನ್ನ ಗುಡಿಸಿ ಹಾಕಿದ್ರು.

ಮಾರನೇ ದಿನ ಬೆಳಗ್ಗೇನೇ ನನ್ನ ಅಂಗಡಿಗೆ ಬಂದ್ಳು.

"ಅಣ್ಣಾ, ಬಾಗಿಲಿಲ್ದೆ ಇಸ್ತ್ರಿ ಆಗಲ್ಲ. ಗಾಳಿ ಬಂದು ಪೆಟ್ಟಿಗೆ ಒಳಗಿನ ಬೂದಿ ಎಬ್ಬಿಸಿ ಬಿಳಿ ಷರ್ಟಿನ ಮೇಲೆ ಕೂರಿಸುತ್ತೆ. ಮಕ್ಕಳು ಮೂರೂ ಇಸ್ತ್ರಿ ಮೇಜಿನ ಕೆಳಗೆ ಒಂದೇ ಮುದ್ದೆಯಾಗಿ ಮಲಗ್ತವೆ. ಶನಿವಾರದೊಳಗೆ ಏನೂ ಆಗ್ಲಿಲ್ಲ ಅಂದ್ರೆ ಎಲ್ಲಾ ಕಟ್ಕೊಂಡು ನಮ್ಮಣ್ಣನ ಮನೆಗೆ ಹೋಗ್ಬೇಕು."

"ಹೋಗಮ್ಮ, ಒಡಹುಟ್ಟಿದವನು ತಾನೆ."

"ಅಣ್ಣ ಸರಿ, ಅತ್ತಿಗೆ? ನಿನ್ನ ಹೊಸ್ತಿಲು ಇನ್ನು ತುಳಿಯಲ್ಲ ಅಂತ ಮೂರು ಬೀದಿಗೆ ಕೇಳೋ ಹಾಗೆ ಹೇಳಿ ಬಂದಿದೀನಿ. ಈಗ ಹೋದ್ರೆ ಬಾಗಿಲಲ್ಲಿ ನಿಂತು ನಗ್ತಾಳೆ. ಅವಳಿಗೆ ನಿಂತ್ಕೊಳ್ಳಕ್ಕೆ ಬಾಗಿಲಾದ್ರೂ ಇದೆ."

ಮರ ಇದ್ದಿದ್ರೆ ನಾನೇ ಮಾಡ್ಕೊಡ್ತಿದ್ದೆ. ಅಂಗಡೀಲಿ ಇದ್ದಿದ್ದು ಕುರ್ಚಿ ಕಾಲು ಹನ್ನೊಂದು. ಅದರಲ್ಲಿ ಬಾಗಿಲು ಮಾಡಿದ್ರೆ ಅದು ಎದ್ದು ನಡ್ಕೊಂಡು ಹೋಗೋದು. ಸರಿ, ಸಮಿತಿಗೆ ಕರ್ಕೊಂಡು ಹೋದೆ.

ಸಮಿತಿ ಅಧ್ಯಕ್ಷರು ನಮ್ಮ ಹಲ್ಲಿನ ಡಾಕ್ಟ್ರು. ಬಂಗಾರದಂಥ ಮನುಷ್ಯ. ಆದ್ರೆ ಮೂವತ್ತು ವರ್ಷ ಬಾಯಿ ಅಗಲಿಸಿ ಮಲಗಿದವರ ಹತ್ರಾನೇ ಮಾತಾಡಿ ಅಭ್ಯಾಸ. ಪ್ರಶ್ನೆ ಕೇಳ್ತಾರೆ, ಉತ್ತರಕ್ಕೆ ಕಾಯಲ್ಲ. ಉತ್ತರ ಅಂತ ಒಂದು ಇರುತ್ತೆ ಅನ್ನೋದೇ ಮರೆತುಹೋಗಿದೆ ಪಾಪ.

"ಏನಮ್ಮ, ಏನು ಬೇಕು? ಕಂಬಳಿ ತಾನೆ?"

"ಇಲ್ಲ ಡಾಕ್ಟ್ರೇ, ಬಾಗಿ..."

"ಬರುತ್ತೆ. ದಪ್ಪಂದೇ ಬರುತ್ತೆ. ಒಂದು ಸಾಕಾ? ಸಾಕಾಗಲ್ಲ. ಸ್ವಲ್ಪ ಹೊತ್ತು ಏನೂ ತಿನ್ಬೇಡಿ."

ಸಂಜೆಯೊಳಗೆ ಮೂವತ್ತೆರಡು ಕಂಬಳಿ ಬಂತು. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಾಗಿ, ನಾವೇನು ಕಮ್ಮಿ ಅಂತ ಮಾರನೇ ದಿನ ಎಲ್ಲರೂ ಎರಡೆರಡು ತಂದ್ರು. ಗುರುವಾರದ ಹೊತ್ತಿಗೆ ರಾಶಿ ಸೂರು ಮುಟ್ಟಿತು. ಇಸ್ತ್ರಿ ಮೇಜು ಒಂದು ಮೂಲೆಗೆ ಒತ್ಕೊಂಡು ಹೋಯ್ತು. ಕಂಬಳೀನೇ ಬಾಗಿಲಿಗೆ ಕಟ್ಟಬಾರ್ದಾ ಅಂತೀರಾ? ಕಟ್ಟಿದ್ವಿ ಸ್ವಾಮಿ. ಗಾಳಿ ಅದನ್ನ ಹೊದ್ಕೊಂಡು ಹೊರಟೇಹೋಯ್ತು. ಅದಕ್ಕೂ ಚಳಿ ಅಲ್ವಾ. ಐದು ಕಟ್ಟಿದ್ವಿ, ಐದೂ ಹೋದ್ವು.

ಅತ್ತೆ ಮಾತ್ರ ಆ ರಾಶಿ ಹತ್ತಿ ತುದೀಲಿ ಕೂತವರು ಇಳೀಲೇ ಇಲ್ಲ. ಸೂರಿನ ಹತ್ರ ಬೆಚ್ಚಗಿರುತ್ತಂತೆ.

"ಅತ್ತೇ, ಊಟಕ್ಕೆ ಇಳೀರಿ."

"ಮೇಲಕ್ಕೇ ಕಳಿಸೇ. ಇಳಿದ್ರೆ ನಿನ್ನ ಮುಖ ನೋಡ್ಬೇಕು. ಇಲ್ಲಿಂದ ಬರೀ ನೆತ್ತಿ ಕಾಣುತ್ತೆ, ಅದೇ ವಾಸಿ."

ಶುಕ್ರವಾರ ಬೆಳಗ್ಗೆ ಡಾಕ್ಟ್ರು ನನಗೆ ಹೇಳಿಕಳಿಸಿದ್ರು. ಸಮಿತಿ ಕಚೇರಿ ಬಾಗಿಲು ಹೊಸ್ತಿಲಿಗೆ ಉಜ್ಜಿ ಕಿರ್ರ್ ಅಂತಿತ್ತು. "ನೋಡಯ್ಯ, ಇದನ್ನ ಬಿಚ್ಚಿ ಸರಿಮಾಡು. ಹೆದರ್ಬೇಡ, ನೋವಾಗಲ್ಲ."

ಬಿಚ್ಚಿದೆ. ತೇಗದ ಬಾಗಿಲು, ಇಬ್ಬರು ಹೊರೋ ತೂಕ. ಬೆನ್ನಿಗೇರಿಸಿಕೊಂಡೆ.

"ಎಲ್ಲಿಗೆ ತಗೊಂಡು ಹೋಗ್ತಿದೀಯ?" ಅಂದ್ರು.

ನಾನು ಸುಳ್ಳು ಹೇಳೋನಲ್ಲ. "ಇಸ್ತ್ರಿಯಮ್ಮನ ಮನೆಗೆ ಹಾಕಕ್ಕೆ" ಅಂದೆ.

"ಒಳ್ಳೇದು, ಒಳ್ಳೇದು. ನಾಳೆ ತಂದ್ಬಿಡು."

ದಾರೀಲಿ ಹಿಂದಿನಿಂದ ನೋಡಿದವರಿಗೆ ನಾನು ಕಾಣಲ್ಲ, ಬಾಗಿಲು ತಾನೇ ವಾಕಿಂಗ್ ಹೊರಟ ಹಾಗಿತ್ತು. ಇಬ್ಬರು ಬಂದು ತಟ್ಟಿದ್ರು. "ಮನೇಲಿ ಯಾರೂ ಇಲ್ಲ" ಅಂದೆ. ಹೊರಟುಹೋದ್ರು.

ಇಸ್ತ್ರಿಯಮ್ಮನ ಚೌಕಟ್ಟಿಗೆ ಅದು ಎರಡು ಬೆರಳು ದೊಡ್ಡದು. ಉಜ್ಜುಗೊರಡು ಹಿಡಿದು ಎರಡು ಬೆರಳು ತೆಗೆದೆ. ನನ್ನದಲ್ಲ, ಬಾಗಿಲದ್ದು. ಕೂರಿಸಿದೆ, ಚಿಲಕ ಹಾಕಿದೆ. ಗಾಳಿ ಬಂದು ಒಂದು ಗಂಟೆ ಹೊರಗೇ ನಿಂತಿತ್ತು. ಒಳಗೆ ಕೆಂಡ ತಣ್ಣಗೆ, ಅಂದ್ರೆ ನಿಧಾನಕ್ಕೆ, ಉರೀತು. ಚಿಕ್ಕ ಮಗು ಮೇಜಿನ ಕೆಳಗಿಂದ ಕಾಲು ಹೊರಗೆ ಚಾಚ್ತು. ಐದು ದಿನದಿಂದ ಯಾರೂ ಆ ಕಾಲು ನೋಡಿರ್ಲಿಲ್ಲ.

"ನಾಳೆ ವಾಪಸ್ ಕೊಡ್ಬೇಕಾ ಅಣ್ಣಾ?" ಅಂದ್ಳು ಇಸ್ತ್ರಿಯಮ್ಮ.

"ನಾಳೆ ಕಥೆ ನಾಳೆಗೆ" ಅಂದೆ.

ಒಂದು ಮಾತು ಹೇಳಕ್ಕೆ ಮರೆತೆ. ಆ ಬಾಗಿಲ ಮೇಲೆ ಮೊಳದುದ್ದ ಬಿಳಿ ಅಕ್ಷರದಲ್ಲಿ ಬರೆದಿತ್ತು: 'ನೆರವು ಸಮಿತಿ. ಕಷ್ಟದಲ್ಲಿರುವವರು ತಟ್ಟಿ.' ಅಕ್ಷರ ಒಳಗಡೆ ಬರೋ ಹಾಗೆ ತಿರುಗಿಸಿ ಹಾಕಬಹುದಿತ್ತು. ನನಗೆ ಹೊಳೀಲಿಲ್ಲ. ಅಥವಾ ಹೊಳೀತೇನೋ.

ಶನಿವಾರ ಬೆಳಗ್ಗೆ ಮೊದಲು ತಟ್ಟಿದ್ದು ಬಸ್ ಡ್ರೈವರು. ಕೈಲಿ ಒಂದು ಷರ್ಟು.

"ಏನ್ಬೇಕು? ಯಾವಾಗ್ಬೇಕು?" ಅಂತ ಇಸ್ತ್ರಿಯಮ್ಮ ಬಟ್ಟೆ ತಂದವರನ್ನೆಲ್ಲ ಕೇಳೋ ಹಾಗೇ ಕೇಳಿದ್ಳು. ಕೇಳಿ, ಕಾಯ್ತಾ ನಿಂತ್ಳು. ಇಸ್ತ್ರಿ ಮಾಡೋರು ಕಾಯ್ಲೇಬೇಕು, ಇಲ್ದಿದ್ರೆ ಯಾರ ಪ್ಯಾಂಟು ಯಾರಿಗೋ ಹೋಗುತ್ತೆ.

"ಷರ್ಟು ಇಸ್ತ್ರಿಗೆ." ಡ್ರೈವರು ಆಕಡೆ ಈಕಡೆ ನೋಡ್ದ. "ಮತ್ತೆ... ನಮ್ಮನೇಲಿ ನಾಲ್ಕು ಜನಕ್ಕೆ ಒಂದೇ ಹೊದಿಕೆ ಅಕ್ಕ. ಆ ಕಚೇರಿಗೆ ಹೋದ್ರೆ ಇಡೀ ಬೀದಿ ನೋಡುತ್ತೆ. ಇಲ್ಲಾದ್ರೆ ಷರ್ಟು ತಂದೆ ಅನ್ಬಹುದು."

"ಅತ್ತೇ, ಮೂರು."

ಮೇಲಿಂದ ದೊಪ್, ದೊಪ್, ದೊಪ್.

ಆಮೇಲೆ ನೋಡಿ, ಬೀದಿ ತುಂಬ ಷರ್ಟು. ಎಲ್ಲರಿಗೂ ಬಟ್ಟೆ ಒಟ್ಟಿಗೇ ಸುಕ್ಕಾಗಿತ್ತು. ಊರಿಗೆಲ್ಲ ಕೋಟು ಹೊಲಿಯೋ ದರ್ಜಿ ಬಂದ, ಅವನ ಮಕ್ಕಳಿಗೇ ಕೋಟಿಲ್ಲ. ನರ್ಸಮ್ಮ ಬಂದ್ಳು. ಸಮಿತಿ ಸದಸ್ಯರೇ ಇಬ್ಬರು ಬಂದ್ರು, ತಾವು ಕೊಟ್ಟ ಕಂಬಳಿ ತಾವೇ ಗುರುತು ಹಿಡಿದು ಕೇಳಿದ್ರು. ಮಧ್ಯಾಹ್ನದೊಳಗೆ ಹತ್ತೊಂಬತ್ತು ಮನೆ. ಒಂದೊಂದು ಕಂಬಳಿ ಎಸೆದಾಗ್ಲೂ ಅತ್ತೆ ನಾಲ್ಕು ಬೆರಳು ಕೆಳಗಿಳೀತಿದ್ರು. ಸೊಸೆಯ ಹಣೆ ಕಾಣಿಸ್ತು, ಮೂಗು ಕಾಣಿಸ್ತು, ಬೈಗುಳ ಜೋರಾಯ್ತು.

ಆಗ ಬಂದ್ರು ಡಾಕ್ಟ್ರು. ಮೂಗು ಟೊಮೇಟೊ. ಬಾಗಿಲಿಲ್ದಿರೋ ಕಚೇರೀಲಿ ಬೆಳಗ್ಗೆಯಿಂದ ಕೂತಿದ್ರಲ್ಲ.

ಇಸ್ತ್ರಿಯಮ್ಮನ ಕೈಲಿ ಪೆಟ್ಟಿಗೆ ಹಾಗೇ ನಿಂತ್ಬಿಡ್ತು. ಬಾಗಿಲು ವಾಪಸ್ ಹೋಯ್ತು ಅಂತ, ಅಣ್ಣನ ಮನೆ ಅತ್ತಿಗೆಯ ನಗು ಆಗ್ಲೇ ಕಿವಿಗೆ ಬಿದ್ದಿರ್ಬೇಕು. ಆದ್ರೂ ಬಾಯಲ್ಲಿ ಬಂದಿದ್ದು ಅಭ್ಯಾಸದ ಮಾತೇ.

"ಏನ್ಬೇಕು ಡಾಕ್ಟ್ರೇ? ಯಾವಾಗ್ಬೇಕು?"

ಕೇಳಿ, ಕಾಯ್ತಾ ನಿಂತ್ಳು.

ಡಾಕ್ಟ್ರು ಬಾಯಿ ತೆರೆದ್ರು. "ಆ" ಅಂದ್ರು. ಮೂವತ್ತು ವರ್ಷ ಬೇರೆಯವರ ಬಾಯಲ್ಲಿ ಕೇಳಿದ್ದು ಅದೊಂದೇ ಅಲ್ವಾ. ಆಮೇಲೆ ಸಾಲಲ್ಲಿ ನಿಂತವರನ್ನ ಒಬ್ಬೊಬ್ಬರನ್ನಾಗಿ ನೋಡಿದ್ರು. ಎಲ್ಲಾ ಅವರ ಪೇಷಂಟುಗಳೇ. ಅವರ ದವಡೆ ಹಲ್ಲು ಬಾಯಿಪಾಠ, ಮುಖ ಈಗ ನೋಡಿದ್ದು.

"ಇವರೆಲ್ಲ ಯಾಕೆ ಬಂದಿದಾರೆ?" ಅಂದ್ರು. ಅಂದು, ಸುಮ್ಮನೆ ನಿಂತ್ರು. ಉತ್ತರಕ್ಕೆ ಕಾಯ್ತಿದಾರೆ ಅಂತ ಯಾರಿಗೂ ತಿಳೀಲಿಲ್ಲ, ಅಂಥಾದ್ದು ಯಾರೂ ನೋಡಿರ್ಲಿಲ್ವಲ್ಲ.

"ಷರ್ಟು ಇಸ್ತ್ರಿಗೆ" ಅಂದ ದರ್ಜಿ. ಬಗಲಲ್ಲಿ ಕಂಬಳಿ ಬಸುರಿ ಥರ ಉಬ್ಬಿತ್ತು.

ಡಾಕ್ಟ್ರು ಆ ಉಬ್ಬು ನೋಡಿದ್ರು. ತಮ್ಮ ಪುಸ್ತಕ ತೆಗೆದು, ಒಂದೇ ಮನೆ ಬರೆದಿರೋ ಆ ಹಾಳೆ ನೋಡಿದ್ರು. ಮುಚ್ಚಿ ಜೇಬಿಗೆ ಹಾಕ್ಕೊಂಡ್ರು. ನನ್ನ ಕಡೆ ತಿರುಗಿದ್ರು. ನಾನು ಉಜ್ಜುಗೊರಡನ್ನ ಬೆನ್ನ ಹಿಂದೆ ಇಟ್ಕೊಂಡೆ.

"ಬಾಗಿಲು ಇಲ್ಲೇ ಇರ್ಲಿ ಕಣಯ್ಯ. ಕಚೇರೀನೇ ತಪ್ಪು ಜಾಗದಲ್ಲಿತ್ತು."

ಹೊಸ್ತಿಲ ಮೇಲೇ ನಿರ್ಣಯ ಆಯ್ತು. ಬಾಗಿಲಿರೋ ಕಡೆ ಸಮಿತಿ. ಇಸ್ತ್ರಿಯಮ್ಮ ಒಪ್ಪಿದ್ಳು, ಒಂದು ಷರತ್ತು ಹಾಕಿ: ಬಂದವರು ಬಾಗಿಲು ಹಾಕ್ಕೊಂಡು ಬರ್ಬೇಕು, ಬೂದಿ ಹಾರುತ್ತೆ. ಇನ್ನು ಸಮಿತಿ ನಿಯಮದ ಪ್ರಕಾರ ಅಧ್ಯಕ್ಷರು ಎಲ್ಲರಿಗಿಂತ ಎತ್ತರದಲ್ಲಿ ಕೂರ್ಬೇಕು. ಎಲ್ಲರೂ ತಲೆಯೆತ್ತಿ ನೋಡಿದ್ರೆ ಅತ್ತೆ. ಅವರು ಅಧ್ಯಕ್ಷರಾದ್ರು. ಡಾಕ್ಟ್ರು ಕೆಂಡ ಊದೋದಕ್ಕೆ ಕೂತ್ರು, ಬಾಯಿ ಬಿಡುವಾಗಿರ್ಬಾರ್ದು ಅಂತ ಅವರೇ ಕೇಳಿ ತಗೊಂಡ ಕೆಲಸ.

ಕಂಬಳಿ ಖಾಲಿಯಾದ್ರೆ ಅಧ್ಯಕ್ಷರು ನೆಲಕ್ಕೆ ಬರ್ತಾರಲ್ಲ, ಅದಕ್ಕೆ ಎತ್ತರದ ಕುರ್ಚಿ ಮಾಡು ಅಂದ್ರು ನನಗೆ. ಡಿಪೋ ತೆಗೆದ ದಿನಾನೇ ಶುರು ಮಾಡಿದೆ. ಮೊದಲನೇ ಕಾಲು ಎಷ್ಟು ಉದ್ದ ಬಂತು ಅಂದ್ರೆ, ಈ ತುದಿ ನನ್ನ ಅಂಗಡೀಲಿ, ಆ ತುದಿ ರೈಲ್ವೆ ಗೇಟಲ್ಲಿ. ಗೇಟಿನವನು ಅದನ್ನೇ ಎತ್ತಿ ಇಳಿಸ್ತಾ ಆರು ರೈಲು ಬಿಟ್ಟ. ಎರಡನೇ ಕಾಲಂತೂ... ಅರೆ, ಎಲ್ಲಿಗೆ ಎದ್ರಿ ಸ್ವಾಮಿ? ಇನ್ನೂ ಮೂರು ಕಾಲು ಬಾಕಿ ಇದೆ, ಎರಡನೇದರ ಮೇಲೆ ಒಂದು ಹಕ್ಕಿ ಕೂತು ಮೊಟ್ಟೆ ಇಟ್ಟು, ಆ ಮೊಟ್ಟೆ ಕೆಳಗೆ ಬೀಳೋಷ್ಟರಲ್ಲಿ ಮರಿ ಹಾರಕ್ಕೆ ಕಲಿತು, ನೇರ ಬಂದು ನನ್ನ... ಸ್ವಾಮಿ? ಸ್ವಾಮೀ!