ಮೊದಲ ಮಾತು ನುಂಗುವ ಪೆಟ್ಟಿಗೆ

ನಮ್ಮ ಕಡಲಿನ ತಳದಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ, ನೀರಿನ ಮೇಲೆ ಯಾರು ಯಾರನ್ನು ಕೂಗಿದರೂ ಮೊದಲ ಕೂಗು ಅವಳ ಪಾಲು ಎಂದು ಅಜ್ಜಿ ಹೇಳುತ್ತಿದ್ದಳು. ಅದಕ್ಕೇ ಮೀನುಗಾರರು ಹೆಸರನ್ನು ಮೂರು ಸಲ ಕೂಗುವುದಂತೆ. ಒಂದು ಅವಳಿಗೆ, ಒಂದು ಗಾಳಿಗೆ, ಉಳಿದದ್ದು ಮನೆಗೆ. ಚಿಕ್ಕವಳಿದ್ದಾಗ ನಾನು ಆ ಮುದುಕಿಯ ಮಡಿಲನ್ನು ನೆನೆಯುತ್ತಾ ನಿದ್ದೆ ಹೋಗುತ್ತಿದ್ದೆ. ಅದರ ತುಂಬ ಒಡೆದ ಚಿಪ್ಪುಗಳ ಹಾಗೆ ಅರ್ಧರ್ಧ ಹೆಸರುಗಳು.

ವಯರ್‌ಲೆಸ್ ಬಂದ ಮೇಲೂ ಅರುಳ್‌ತುರೈ ಎಂಬ ನಮ್ಮ ಊರಿನವರು ಈ ರೂಢಿ ಬಿಡಲಿಲ್ಲ. "ಆರೋಕ್ಯತಾರೆ, ಆರೋಕ್ಯತಾರೆ, ಆರೋಕ್ಯತಾರೆ" ಎಂದು ದೋಣಿಯ ಹೆಸರು ಹೇಳಿಯೇ ನನ್ನ ಅಣ್ಣ ಸಿಲುವೈ ಮಾತಿಗಿಳಿಯುತ್ತಿದ್ದ. ಈಚೆಗೆ ಮನೆಯಲ್ಲಿ ಅದು ಎರಡೇ ಸಲ ಕೇಳಿಸುತ್ತಿತ್ತು. ಯಾರು ಎಣಿಸುತ್ತಾರೆ? ನಾವಂತೂ ಎಣಿಸಲಿಲ್ಲ.

ಆಂಪ್ಲಿಫೈಯರ್ ಬಂದದ್ದು ಹೋದ ಕ್ರಿಸ್‌ಮಸ್‌ಗೆ. ವಯರ್‌ಲೆಸ್ಸಿನ ಸ್ವಂತ ಸ್ಪೀಕರ್ ಉಪ್ಪುಗಾಳಿಗೆ ಹರಿದುಹೋಗಿ ಬಹಳ ಕಾಲವಾಗಿತ್ತು, ಅಜ್ಜಿಯ ಕಿವಿಯೂ ಮಂದವಾಗಿತ್ತು. ಅಣ್ಣ ನಾಗರ್‌ಕೋಯಿಲಿಗೆ ಹೋಗಿ ಕರಿಯ ಪೆಟ್ಟಿಗೆಯೊಂದನ್ನೂ ಮೊಣಕಾಲೆತ್ತರದ ಎರಡು ಸ್ಪೀಕರುಗಳನ್ನೂ ತಂದ. ವಯರ್‌ಲೆಸ್ಸಿನ ವೈರನ್ನು ಅದರ ಬೆನ್ನಿಗೆ ಸಿಕ್ಕಿಸಿ, "ಹಬ್ಬದ ದಿನ ಹಾಡು, ಉಳಿದ ದಿನ ನಾನು" ಎಂದ.

"ದಿನಾ ಹಬ್ಬ ಆಗ್ಲಿ ದೇವರೇ" ಎಂದು ಅತ್ತಿಗೆ ಅಮಲಿ ಮಾತಾ ಚಿತ್ರದ ಕಡೆ ಕೈಮುಗಿದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಚರ್ಚಿನ ಹಳೆಯ ಆಂಪ್ಲಿ ಹಗಲಿಡೀ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ನಮ್ಮ ಹೊಸದು ಉಸಿರೇ ಬಿಡುತ್ತಿರಲಿಲ್ಲ. ಮುಂದೆ ಒಂದು ಚುಕ್ಕೆ ದೀಪ. ಅದು ಕೆಲವೊಮ್ಮೆ ನೀಲಿ, ಕೆಲವೊಮ್ಮೆ ಕೆಂಪು. ಕರೆಂಟು ಕಡಿಮೆಯಾದಾಗ ಕೆಂಪಾಗುತ್ತದೆ ಎಂದುಕೊಂಡಿದ್ದೆವು.

ಬಿರುಗಾಳಿ ಹಾದುಹೋದ ಮಾರನೆಯ ದಿನ ಬಿಸಿಲು ನಾಚಿಕೆಯಿಲ್ಲದೆ ಬಂತು. ಅಂಗಳದಲ್ಲಿ ಯಾರದೋ ಮನೆಯ ಹೆಂಚು, ಯಾರದೋ ಬಲೆ. ಊರಿನ ದೋಣಿಗಳೆಲ್ಲ ಹೇಗೋ ಒಂದೊಂದು ರೇವು ಸೇರಿದ್ದವು, ಆರೋಕ್ಯತಾರೆ ಒಂದನ್ನು ಬಿಟ್ಟು. ಚರ್ಚಿನ ಗೋಪುರದ ಮೇಲಿದ್ದ ವಯರ್‌ಲೆಸ್ ಕಂಬ ಮುರಿದು ಬಿದ್ದಿತ್ತು. ದಿಬ್ಬದ ಮೇಲಿನ ನಮ್ಮ ಮನೆಯ ಕಂಬ ಮಾತ್ರ ನಿಂತಿತ್ತು. ಹಾಗಾಗಿ ದೂರದ ಕಡಲಿನ ಸದ್ದು ಕೇಳಲು ಊರಿಗೆ ಉಳಿದ ಕಿವಿ ನಮ್ಮದೊಂದೇ.

ಬೆಳಕು ಹರಿಯುತ್ತಲೇ ಅಣ್ಣನ ದನಿ ಬಂದಿತ್ತು.

"ಆರೋಕ್ಯತಾರೆ, ಆರೋಕ್ಯತಾರೆ. ಇಂಜಿನ್ ಹೋಯ್ತು. ನಾಲ್ಕೂ ಜನ ಇದ್ದೀವಿ. ನೀರು ಮೊಗೀತಾ ಇದ್ದೀವಿ. ಬ್ಯಾಟರಿ ಚೂರೇ ಇರೋದು, ಇನ್ನು ಮಾತಿಲ್ಲ, ಒತ್ತುತೀನಿ. ಅಮಲೀ, ಅಳಬೇಡ, ಅತ್ತರೆ ನಿನ್ನ ಮೂಗು ಟೊಮೆಟೊ ಆಗುತ್ತೆ."

ಅಷ್ಟೇ.

ಒತ್ತುವುದೆಂದರೆ ಇಷ್ಟು: ಮಾತು ಬ್ಯಾಟರಿಯನ್ನು ತಿನ್ನುತ್ತದೆ. ಮಾತಾಡದೆ ಮೈಕಿನ ಗುಂಡಿಯನ್ನು ಚಕ್ಕನೆ ಒತ್ತಿಬಿಟ್ಟರೆ ಕೇಳುವವರ ಕಡೆ ಟಕ್ ಎಂದು ಒಂದು ಚಿಕ್ಕ ಸದ್ದಾಗುತ್ತದೆ. ಎರಡು ಟಕ್ ಎಂದರೆ ಇದ್ದೇವೆ, ಹೌದು. ದಡದವರು ಒಂದೊಂದೇ ಕೇಳುತ್ತಾ ಹೋಗುತ್ತಾರೆ, ಕಡಲಿನವರು ಹೌದಾದರೆ ಎರಡು ಸಲ ಒತ್ತುತ್ತಾರೆ, ಅಲ್ಲವಾದರೆ ಸುಮ್ಮನಿರುತ್ತಾರೆ. ಸಿಕ್ಕ ಉತ್ತರಕ್ಕೆ ತಕ್ಕಂತೆ ಹುಡುಕುವ ದೋಣಿ ತಿರುಗುತ್ತದೆ. ಹೀಗೆ ಎಷ್ಟೋ ಜನ ಮನೆಗೆ ಬಂದಿದ್ದಾರೆ. ನಮ್ಮಪ್ಪನೂ ಒಮ್ಮೆ ಬಂದಿದ್ದ.

ಹುಡುಕಲು ಸವೇರಿ ಮಾವ ಎರಡು ದೋಣಿ ಕಟ್ಟಿಕೊಂಡು ಹೊರಟ. ದೋಣಿಯಿಂದ ದೋಣಿಗೆ ಅಷ್ಟು ದೂರ ಸದ್ದು ಮುಟ್ಟುವುದಿಲ್ಲ, ಅಣ್ಣನ ಉತ್ತರವನ್ನು ನಮ್ಮ ಮನೆಯಿಂದಲೇ ಅವನಿಗೆ ಹೇಳಬೇಕು. ಅತ್ತಿಗೆ ಮೈಕ್ ಹಿಡಿದು ಕೂತಳು.

"ಸಿಲುವೈ, ದೀಪಸ್ತಂಭ ಕಾಣ್ತಿದೆಯಾ?"

ಸದ್ದಿಲ್ಲ.

"ನೀರು ತೆಂಕಕ್ಕೆ ಎಳೀತಿದೆಯಾ?"

ಸದ್ದಿಲ್ಲ.

"ತೆಂಕಣ ಅಲ್ವಂತೆ ಮಾವ" ಎಂದು ಅವಳು ಸವೇರಿ ಮಾವನಿಗೆ ಹೇಳಿದಳು. ದೋಣಿಗಳು ಪಡುವಣಕ್ಕೆ ತಿರುಗಿದವು. "ಪಡುವಣಕ್ಕಾ?" ಎಂದು ಅಣ್ಣನನ್ನು ಕೇಳಿದಳು. ಅದಕ್ಕೂ ಸದ್ದಿಲ್ಲ. "ಒತ್ತೋಕೂ ಸೋಮಾರಿತನ ನೋಡು ಇವನಿಗೆ" ಎಂದು ನನ್ನ ಕಡೆ ತಿರುಗಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಮಧ್ಯಾಹ್ನ ಯಾರೋ ಮರಗೆಣಸು, ಮೀನುಸಾರು ತಂದಿಟ್ಟು ಹೋದರು. ಯಾರೂ ಮುಟ್ಟಲಿಲ್ಲ. ಅಜ್ಜಿ ಸ್ಪೀಕರಿಗೆ ಅಂಗೈ ಒತ್ತಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವಳ ಹಾಗೆ ಕೂತಿದ್ದಳು. ನಾನು ವಯರ್‌ಲೆಸ್ಸನ್ನೇ ನೋಡುತ್ತಿದ್ದೆ. ಅದರ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪವಿದೆ, ಯಾರಾದರೂ ಮಾತಾಡಿದಾಗ ಹತ್ತುತ್ತದೆ. ಅದು ಮಿಣುಕಿತು. ಮತ್ತೆ ಮಿಣುಕಿತು. ಮನೆಯಲ್ಲಿ ಮಾತ್ರ ಚಿಕ್ಕ ಸದ್ದೂ ಇಲ್ಲ.

"ಅತ್ತಿಗೆ, ದೀಪ ಎರಡು ಸಲ ಹತ್ತಿತು."

"ಕನಸು ಕಾಣೋಳು ನೀನು ಸಬೀನಾ. ಹಗಲಲ್ಲೂ ಕಾಣ್ತೀಯ."

ನಾನು ಕನಸುಗಾತಿ ಎಂಬುದು ಊರಿಗೇ ಗೊತ್ತಿದ್ದ ವಿಷಯ. ಆದರೆ ಸ್ವಲ್ಪ ಹೊತ್ತಿಗೆ ಅದು ಮತ್ತೆ ಎರಡು ಸಲ ಮಿಣುಕಿದಾಗ ಅತ್ತಿಗೆಯೂ ನೋಡಿದಳು. ಅವಳ ಕೈಯಿಂದ ಮೈಕ್ ಜಾರಿ ಮೇಜಿನ ಅಂಚಿನಲ್ಲಿ ತೂಗಾಡಿತು.

ನಾನು ಓಡಿಹೋಗಿ ದಾಸಣ್ಣನನ್ನು ಕರೆತಂದೆ. ಹಬ್ಬಗಳಿಗೆ ಮೈಕ್‌ಸೆಟ್ ಕಟ್ಟುವವನು ಅವನು, ಚರ್ಚಿನ ಪಕ್ಕದಲ್ಲಿ ಅವನ ಅಂಗಡಿ. ಬಂದವನೇ, "ವೈರು, ವೈರೇ ಇರಬೇಕು, ಉಪ್ಪು ತಿಂದಿರುತ್ತೆ" ಎಂದು ವೈರನ್ನು ಕಿತ್ತು ಹೊಸದನ್ನು ಹಾಕಿದ. ದೀಪ ಮಿಣುಕಿತು, ಸದ್ದಿಲ್ಲ. ಬೇರೆ ತೂತಿಗೆ ಸಿಕ್ಕಿಸಿದ. ಸದ್ದಿಲ್ಲ. ಸ್ಪೀಕರುಗಳನ್ನು ಅದಲುಬದಲು ಮಾಡಿದ. ಬೆವರು ಅವನ ಮೂಗಿನ ತುದಿಯಿಂದ ಪೆಟ್ಟಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಹಾಡು ಹಾಡುತ್ತೆ, ಮಾತು ಮಾತಾಡುತ್ತೆ, ಟಕ್ ಮಾತ್ರ ಬರಲ್ಲ ಅಂದರೆ ಏನಪ್ಪಾ ಇದು?"

"ದಾಸಣ್ಣ, ನಿಮ್ಮ ಅಂಗಡಿಯಿಂದ ಸ್ವಲ್ಪ ಮಾತಾಡಿ. ಒಂದು ಎರಡು ಮೂರು ಅನ್ನಿ. ನಾನಿಲ್ಲಿ ಕೇಳ್ತೀನಿ" ಎಂದೆ.

ಅಂಗಡಿಯ ಚಿಕ್ಕ ವಯರ್‌ಲೆಸ್ ಸೆಟ್ಟು ಕಡಲಿಗೆ ಮುಟ್ಟದಿದ್ದರೂ ನಮ್ಮ ಮನೆಗೆ ಮುಟ್ಟುತ್ತಿತ್ತು. ಅವನು ದಿಬ್ಬ ಇಳಿದು ಹೋದ. ಪೆಟ್ಟಿಗೆಯ ಚುಕ್ಕೆ ಕೆಂಪಗಿತ್ತು. ಹಸಿರು ದೀಪ ಹತ್ತಿತು. ಕೆಂಪು ಚುಕ್ಕೆ ನೀಲಿಗೆ ತಿರುಗಿತು. "...ರಡು, ಮೂರು" ಎಂದಿತು ಸ್ಪೀಕರ್. ಅದು ನೀಲಿಯಾಗಿರುವಾಗಲೇ ಅವನು ಮತ್ತೆ ಎಣಿಸಿದ. ಈ ಸಲ ಒಂದು, ಎರಡು, ಮೂರು ಎಲ್ಲವೂ ಬಂತು.

ಆಮೇಲೆ ಚುಕ್ಕೆ ತಾನಾಗಿಯೇ ಕೆಂಪಾಯಿತು.

ನನಗೆ ಗೊತ್ತಾಯಿತು. ಪೆಟ್ಟಿಗೆ ನಿದ್ದೆ ಮಾಡುತ್ತಿತ್ತು. ಸದ್ದು ನಿಂತ ಸ್ವಲ್ಪ ಹೊತ್ತಿಗೆಲ್ಲ ಕರೆಂಟು ಉಳಿಸಲು ಕಣ್ಣು ಮುಚ್ಚುತ್ತಿತ್ತು. ಹೊಸ ಸದ್ದು ಬಂದರೆ ಏಳುತ್ತಿತ್ತು, ಆದರೆ ಅದು ಎದ್ದು ಕೂರುವಷ್ಟರಲ್ಲಿ ಮೊದಲ ಮಾತು ಮುಗಿದಿರುತ್ತಿತ್ತು. ಉದ್ದ ಮಾತಿನ ಬಾಲ ನಮಗೆ ಸಿಗುತ್ತಿತ್ತು. ಟಕ್‌ಗೆ ಬಾಲವೇ ಇಲ್ಲ. ಅದು ಪೆಟ್ಟಿಗೆಯನ್ನು ಎಬ್ಬಿಸುವಷ್ಟೂ ದೊಡ್ಡದಲ್ಲ.

ಅತ್ತಿಗೆಗೆ ಹೇಳಿದೆ. ಅವಳು ಅರ್ಥ ಮಾಡಿಕೊಳ್ಳಲು ತಡಮಾಡಲಿಲ್ಲ, ತಡಮಾಡಿದ್ದರೆ ಚೆನ್ನಾಗಿತ್ತು.

"ಹಾಗಾದರೆ ತೆಂಕಣಕ್ಕಾ ಅಂತ ಕೇಳಿದಾಗ..."

"ಗೊತ್ತಿಲ್ಲ ಅತ್ತಿಗೆ."

"ಒತ್ತಿದ್ದ. ಅವನು ಒತ್ತಿದ್ದ, ನಾನು ಇಲ್ಲ ಅಂದೆ." ಅವಳು ಗೋಡೆಗೆ ಹೇಳುವವಳಂತೆ ಹೇಳಿದಳು. "ನಾನೇ ಮಾವನಿಗೆ ಇಲ್ಲ ಅಂದೆ."

ದಾಸಣ್ಣ ವಾಪಸು ಬಂದು ಪೆಟ್ಟಿಗೆಯನ್ನು ತಿರುಗಿಸಿದ. ಬೆನ್ನಿನಲ್ಲಿ, ವೈರುಗಳ ಹಿಂದೆ, ಉಗುರಿನಷ್ಟು ಗುಂಡಿ. ಅದನ್ನು ಒಂದು ಕಡೆ ಸರಿಸಿದರೆ ಪೆಟ್ಟಿಗೆ ತಾನೇ ಮಲಗುತ್ತದೆ, ಇನ್ನೊಂದು ಕಡೆ ಸರಿಸಿದರೆ ಎಚ್ಚರವಾಗಿಯೇ ಇರುತ್ತದೆ. ಸರಿಸಿದ. ಚುಕ್ಕೆ ನೀಲಿಯಾಯಿತು, ನಾವು ಎಷ್ಟು ಹೊತ್ತು ನೋಡಿದರೂ ನೀಲಿಯಾಗಿಯೇ ಇತ್ತು. ಸ್ಪೀಕರಿನಿಂದ ತೆಳ್ಳನೆಯ ಸುಯ್‌ಲು ಶುರುವಾಯಿತು. ಅಜ್ಜಿ ಅಂಗೈಯಲ್ಲೇ ಅದನ್ನು ತಿಳಿದು, "ಎದ್ದಿತಾ?" ಎಂದಳು.

"ಇಷ್ಟಕ್ಕೇನಾ" ಎಂದಳು ಅತ್ತಿಗೆ. "ಇಷ್ಟು ಚಿಕ್ಕ ಗುಂಡಿಗೆ."

ಅವಳು ಸವೇರಿ ಮಾವನಿಗೆ ಹೇಳಿದಳು. ಮಾವ ಬೈಯಲಿಲ್ಲ. "ಡೀಸೆಲ್ ಅರ್ಧ ಆಗಿದೆ ಮಗಳೇ. ಈಗ ಊರಿನ ಕಡೆ ತಿರುಗಬೇಕು. ತೆಂಕಣಕ್ಕೆ ಹೋದರೆ ನಾವೇ ಬೇರೆ ದೋಣಿಯಿಂದ ಎಳೆಸಿಕೊಂಡು ಬರಬೇಕಾದೀತು. ಆದರೂ ಅವನು ಇದ್ದಾನೆ ಅಂತ ಒಂದು ಸದ್ದು ಸಿಕ್ಕರೆ ಸಾಕು, ಹೋಗ್ತೀನಿ" ಎಂದ. ಅವನ ದೋಣಿಗಳಲ್ಲಿ ಒಂಬತ್ತು ಜನರಿದ್ದರು, ಗಾಳಿ ಮತ್ತೆ ಏಳಬಹುದೆಂದು ರೇಡಿಯೋ ಹೇಳುತ್ತಿತ್ತು.

"ಸಿಲುವೈ, ಇದ್ದೀಯಾ?" ಅತ್ತಿಗೆ ಕೇಳಿದಳು. ಸುಯ್‌ಲು. "ಸಿಲುವೈ, ಈಗ ಕೇಳುತ್ತೆ ಕಣೋ. ಈಗ ಸರಿಮಾಡಿದ್ದೀವಿ. ಒತ್ತು." ಸುಯ್‌ಲು. ಹಸಿರು ದೀಪವೂ ಹತ್ತಲಿಲ್ಲ.

"ಟಕ್ ನಿಜವಾಗಿ ಬರುತ್ತಾ ಅಂತ ಮೊದಲು ನೋಡೋಣ ತಂಗಿ" ಎಂದ ದಾಸಣ್ಣ. "ಅಂಗಡಿಯಿಂದ ಒತ್ತುತೀನಿ."

"ಒಂದೇ ಸಲ ಒತ್ತಿ ದಾಸಣ್ಣ. ಎರಡು ಒತ್ತಬೇಡಿ, ಅವನು ಅಂದುಕೊಂಡುಬಿಡ್ತೀವಿ. ಒಂದೇ."

"ಒಂದೇ" ಎಂದು ಅವನು ತಲೆಯಾಡಿಸಿ ಹೋದ.

ಅವನು ದಿಬ್ಬ ಇಳಿಯುವುದನ್ನು ಕಿಟಕಿಯಿಂದ ನೋಡಿದೆ. ಬಿದ್ದ ತೆಂಗಿನ ಮರವನ್ನು ದಾಟಲು ಪಂಚೆ ಎತ್ತಿ ಕಟ್ಟಿದ. ಆಮೇಲೆ ಕಾಣಲಿಲ್ಲ.

ಟಕ್ ಟಕ್.

ಎಷ್ಟು ಸ್ಪಷ್ಟವಾಗಿತ್ತೆಂದರೆ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. "ಸಿಲುವೈ!" ಎಂದು ಕಿರುಚಿದಳು. "ನನ್ನ ಕೈಗೆ ಬಡಿದ, ನನ್ನ ಮೊಮ್ಮಗ!"

"ಎರಡು. ಎರಡು ಬಂತು ಸಬೀ, ಎರಡು!" ಅತ್ತಿಗೆ ನನ್ನ ಭುಜ ಹಿಡಿದು ಅಲುಗಾಡಿಸಿದಳು. ನಿಜಕ್ಕೂ ಅವಳ ಮೂಗು ಕೆಂಪಗೆ ಹಣ್ಣಾಗಿತ್ತು. "ದಾಸಣ್ಣ ಒಂದು ತಾನೇ ಒತ್ತೋದು? ಇದು ಅವನೇ. ಮಾವ! ಸವೇರಿ ಮಾವ! ಇದ್ದಾನೆ! ತೆಂಕಣಕ್ಕೆ ತಿರುಗಿಸಿ!"

ಅಲ್ಲಿಂದ ಒಂಬತ್ತು ಜನರ ಕೂಗು ಒಟ್ಟಿಗೆ ಬಂತು. "ಬಂದ್ವಿ ಮಗಳೇ! ಅನ್ನಕ್ಕೆ ಇಡು!" ಎಂದ ಮಾವ. ಇಂಜಿನ್ನಿನ ಸದ್ದು ಏರಿತು. ನಾನು ಅಜ್ಜಿಯನ್ನು ತಬ್ಬಿಕೊಂಡೆ. ಅವಳ ಕೂದಲಿನ ಕೊಬ್ಬರಿ ಎಣ್ಣೆಯ ವಾಸನೆ ಎದೆ ತುಂಬಿತು. ಇನ್ನು ಈ ಜನ್ಮಕ್ಕೆ ಬೇರೇನೂ ಬೇಡವೆನ್ನಿಸಿತು.

ದಾಸಣ್ಣ ಬಾಗಿಲಲ್ಲಿ ಬಂದು ನಿಂತ. ಏದುಸಿರು.

"ಕೇಳ್ತಾ ತಂಗಿ?"

"ದಾಸಣ್ಣ, ಅವನು ಬಂದ! ನೀವಿನ್ನೂ ಒತ್ತೋ ಮೊದಲೇ..." ಅತ್ತಿಗೆ ದಾಸಣ್ಣನ ಮುಖ ನೋಡಿದಳು. "ನೀವು ಒಂದು ಒತ್ತಿದ್ದು ಅಲ್ವಾ?"

ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ಬಾಯಿಗೆ ಒತ್ತಿಕೊಂಡ.

"ಒಂದು ಒತ್ತೋಕೆ ಕೈ ಬರ್ಲಿಲ್ಲ ತಾಯೀ. ಹೆಬ್ಬೆರಳು ಗುಂಡಿ ಮೇಲಿಟ್ಟೆ. ಅವನು ಅಲ್ಲಿ ನೀರಲ್ಲಿರುವಾಗ, ಅವನ ಮನೆಗೆ ನಾನು ಹೇಗೆ ಒಂದು ಒತ್ತಲಿ?"

ನಮ್ಮ ಕಡೆ ಯಾರೂ ಒಂದೇ ಸಲ ಒತ್ತುವುದಿಲ್ಲ. ಆಟಕ್ಕೂ ಇಲ್ಲ, ತಪ್ಪಿಯೂ ಇಲ್ಲ. ಕೈ ತಪ್ಪಿ ಒಂದು ಒತ್ತಿದವರು ತಕ್ಷಣ ಇನ್ನೊಂದು ಒತ್ತಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಹುಡುಕಲು ಹೋದ ದೋಣಿ ಹೆಣ ಕಂಡಾಗ, ಇನ್ನು ಹುಡುಕುವುದು ಬೇಡ ಎಂದಾಗ, ಅದನ್ನು ಬಾಯಲ್ಲಿ ಹೇಳಲಾರದವರು ಒತ್ತುವುದು ಒಂದು. ಅತ್ತಿಗೆಗೆ ಇದು ಗೊತ್ತಿರಲಿಲ್ಲವೆಂದಲ್ಲ. ಒಂದೇ ಒತ್ತಿ ಎಂದು ಬಾಯಿಂದ ಹೇಳುವುದು ಸುಲಭ. ಬೆರಳಿಗೆ ಮಾತ್ರ ಅದು ಬರುವುದಿಲ್ಲ.

ಅವಳು ಮೈಕ್ ಎತ್ತಿಕೊಂಡು ಮತ್ತೆ ಕೂತಳು. "ಸಿಲುವೈ" ಎಂದಳು. ಸಮಾಧಾನವಾಗಿ, ಊಟಕ್ಕೆ ಕರೆಯುವ ಹಾಗೆ. "ಸಿಲುವೈ, ಒಂದೇ ಒಂದು ಸಲ ಉತ್ತರ ಕೊಡು. ಅವರು ಬರ್ತಿದ್ದಾರೆ. ನೀನಿಲ್ಲದಿದ್ದರೆ ಅವರು ಬರಬಾರದು." ಪೆಟ್ಟಿಗೆ ಎಚ್ಚರವಾಗಿತ್ತು. ನಾವೆಲ್ಲ ಎಚ್ಚರವಾಗಿದ್ದೆವು. ಕೇಳಲಿಲ್ಲವೆಂಬ ತಪ್ಪನ್ನು ಈಗ ಯಾವುದರ ಮೇಲೂ ಹೊರಿಸುವಂತಿರಲಿಲ್ಲ.

ಅವಳು ಕರೆಯುತ್ತಲೇ ಇದ್ದಳು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಗಾಳಿ ಎದ್ದು ಅಂಗಳದ ಹೆಂಚಿನ ಚೂರನ್ನು ಉರುಳಿಸಿತು.

"ಅಮಲೀ" ಎಂದು ಸವೇರಿ ಮಾವನ ದನಿ ಬಂತು, ಅಲೆಯ ಸದ್ದಿನ ನಡುವೆ. "ಇಲ್ಲಿ ನೀರು ಏಳ್ತಾ ಇದೆ. ನಾವಿನ್ನೂ ಮುಂದೆ ಹೋಗ್ತೀವಿ, ಹೆದರಬೇಡ. ಒಂದು ಸಲ ಹೇಳಮ್ಮಾ, ಮತ್ತೆ ಒತ್ತಿದನಾ? ಇದ್ದಾನಾ?"

ದಾಸಣ್ಣ ಮೈಕಿಗೆ ಕೈ ಚಾಚಿದ. ಅತ್ತಿಗೆ ಕೊಡಲಿಲ್ಲ. ಅಜ್ಜಿ ಇದೇನೂ ಕೇಳಿಸದೆ, ಸ್ಪೀಕರಿಗೆ ಕೆನ್ನೆ ಆನಿಸಿ ಮುಗುಳುನಗುತ್ತಿದ್ದಳು.

ಅತ್ತಿಗೆಯ ಹೆಬ್ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಇತ್ತು. ಆಮೇಲೆ ಒಂದು ಸಲ ಒತ್ತಿದಳು. ಬಿಟ್ಟಳು. ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆ ಕಡೆ ಯಾರೋ ಬಿಕ್ಕಿದ್ದು ಕೇಳಿಸಿತು, ಅಷ್ಟು ಸಣ್ಣದೂ ಕೇಳಿಸಿತು. ಆಮೇಲೆ ಇಂಜಿನ್ನುಗಳು ನಿಧಾನವಾಗಿ, ಒಂದರ ಹಿಂದೊಂದು, ದಡದ ಕಡೆ ತಿರುಗಿದವು.

"ಏನಂತೆ?" ಎಂದಳು ಅಜ್ಜಿ.