ಬೂಟು ಬಿಚ್ಚುವ ಆಟ

"‘ಕಾವಲುಗಾರ ಇಪ್ಪತ್ತು ಎಣಿಸುವಷ್ಟರಲ್ಲಿ ಈ ಕಡೆ ತಿರುಗುತ್ತಾನೆ. ಹದಿನೆಂಟಕ್ಕೆಲ್ಲ ಗೋಡೆ ಹತ್ತಿರಬೇಕು.’" ನಾಗೇಂದ್ರಪ್ಪ ಓದುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ. "ಯಾವನಲೇ ಈ ಕಾವಲುಗಾರ? ನೀನಾ, ಕಿರಣ್‌ಕುಮಾರನಾ?"

"ಆಟದಾಗಿನ ಕಾವಲುಗಾರ ಸಾ," ಎಂದ ಗಂಗರಾಜು.

"ಆಟ."

"ಮೊಬೈಲ್ ಗೇಮು ಸಾ. ಆಡಿದ್ದನ್ನ ಬರ್ಕೊಂಡೀನಿ, ಅಷ್ಟೇ."

ನಾಗೇಂದ್ರಪ್ಪ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬೋರಲು ಹಾಕಿದ. ಕುದಾಪುರದ ಆಚೆ, ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ಸರ್ಕಾರದ ಸಂಶೋಧನಾ ಕೇಂದ್ರಗಳಿಗೆಂದು ಎದ್ದಿರುವ ಉದ್ದುದ್ದ ಗೋಡೆಗಳಲ್ಲಿ ಒಂದರ ಒಳಗಿತ್ತು ಆ ಸೆಕ್ಯುರಿಟಿ ಆಫೀಸು. ಗಂಗರಾಜು ಅಲ್ಲಿ ಆರು ವರ್ಷದಿಂದ ಕಾಂಟ್ರ್ಯಾಕ್ಟಿನ ಗಾರ್ಡು. ನಾಗೇಂದ್ರಪ್ಪ ಸೂಪರ್‌ವೈಸರು, ಮೊಳಕಾಲ್ಮುರಿನವನು, ಹದಿನೆಂಟು ವರ್ಷ ಮಿಲಿಟರಿಯಲ್ಲಿದ್ದು ಬಂದವನು. ಕ್ಯಾಂಟೀನಿಗೆ ಹಾಲು ಹಾಕುವ ಓಬಳಪ್ಪನ ಕ್ಯಾನಿನೊಳಕ್ಕೆ ದಿನಾ ಬೆಳಿಗ್ಗೆ ಟಾರ್ಚು ಬಿಟ್ಟು ನೋಡುವ ಮನುಷ್ಯ. ಹಾಲಿನಲ್ಲಿ ನೀರು ಬಿಟ್ಟು ಬೇರೇನೂ ಈವರೆಗೆ ಸಿಕ್ಕಿರಲಿಲ್ಲ. ಆದರೂ ಟಾರ್ಚಿನ ಸೆಲ್ಲು ಮಾತ್ರ ತಪ್ಪದೆ ಬದಲಾಗುತ್ತಿತ್ತು.

"ನಾಳೆ ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರ ಮುಂದೆ ನಾನು ರಿಪೋರ್ಟ್ ಇಡ್ಬೇಕು," ಎಂದ ನಾಗೇಂದ್ರಪ್ಪ. "ಗೋಡೆ, ಗೇಟು, ಗಾರ್ಡು ತಿರುಗೋ ಟೈಮು. ಇಂಥ ಜಾಗದಾಗೆ ಇಂಥ ಪುಸ್ತಕ. ನಾನು ಇದನ್ನ ಮೇಲೆ ಕಳಿಸಿದ್ರೆ ನಿನ್ನ ಕೆಲಸ ಹೋಗೋದಷ್ಟೇ ಅಲ್ಲ, ಚಳ್ಳಕೆರೆಯಿಂದ ಪೊಲೀಸ್ರು ಬರ್ತಾರೆ. ಗೊತ್ತೈತಾ?"

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಎನ್ನುತ್ತಾರೆ. ಕಾವಲಿನ ಗೋಡೆಯ ಒಳಗೆ ಕೂತು ಕಾವಲುಗಾರನ ಕಣ್ಣು ತಪ್ಪಿಸುವುದು ಹೇಗೆಂದು ಬರೆದರೆ ಏನೆನ್ನುತ್ತಾರೋ, ಬರೆಯುವಾಗ ಗಂಗರಾಜುವಿಗೆ ಹೊಳೆದಿರಲಿಲ್ಲ.

ಬರೆಯಲು ಕಾರಣ ಮಾತ್ರ ತೀರ ಸಣ್ಣದು. ಮೊಬೈಲು ಒಳಗೆ ತರುವಂತಿಲ್ಲ. ಡ್ಯೂಟಿಗೆ ಬಂದವರು ಗೇಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಚೀಟಿ ತಗೊಳ್ಳಬೇಕು. ಆಮೇಲೆ ಎಂಟು ಗಂಟೆ ಹುಲ್ಲು ನೋಡಬೇಕು, ಗೋಡೆ ನೋಡಬೇಕು. ಮನೆಯಲ್ಲಿ ಆಡಿದ ಆಟ ಅಷ್ಟು ಹೊತ್ತೂ ತಲೆಯಲ್ಲಿ ತಿರುಗುತ್ತಿರುತ್ತದೆ. ಅವನ ಕಾವಲು ಬೂತಿನಲ್ಲೇ ಬೇರೆ ಪಾಳಿ ಮಾಡುವ ಕಿರಣ್‌ಕುಮಾರನಿಗೂ ಆಟದ ಹುಚ್ಚು. ಆದರೆ ಅವನ ಫೋನು ಹಳೆಯದು, ಒಂದು ಗೇಮು ಇಳಿಸಿದರೆ ಇನ್ನೊಂದು ಅಳಿಸಬೇಕು. ಯಾವುದು ಇಳಿಸಲಿ, ಯಾವುದು ಬಿಡಲಿ ಎಂದು ಅವನು ಕೇಳುತ್ತಿದ್ದ. ಪಾಳಿ ಬದಲಾಗುವ ಎರಡು ನಿಮಿಷದಲ್ಲಿ ಹೇಳಲಾಗುತ್ತಿರಲಿಲ್ಲ. ಹಾಗಾಗಿ ಗಂಗರಾಜು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದು, ಐದಕ್ಕೆ ಇಷ್ಟು ಎಂದು ಮಾರ್ಕು ಹಾಕಿ, ಬೂತಿನ ನೀರಿನ ಕ್ಯಾನಿನ ಹಿಂದೆ ಸಿಕ್ಕಿಸಿ ಹೋಗುತ್ತಿದ್ದ. ಅದನ್ನು ನಾಗೇಂದ್ರಪ್ಪನಿಗೆ ಕೊಟ್ಟವರು ಯಾರು? ಕಿರಣನೇ ಇರಬೇಕು. ಹೋದ ವಾರ ಅವನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿರಲಿಲ್ಲ. ಅಥವಾ ಮಾತಾಡಿದ್ದನೋ ಏನೋ. ಈಗ ಎಲ್ಲವೂ ಹಾಗೇ ಕಾಣುತ್ತಿತ್ತು.

"ಮೊದಲಿಂದ ಓದ್ತೀನಿ. ನೀನು ಒಂದೊಂದೇ ಹೇಳು," ಎಂದು ನಾಗೇಂದ್ರಪ್ಪ ಪುಟ ತಿರುಗಿಸಿದ.

"‘ಹೊಲದ ಆಟ. ಬಿತ್ತಿದ ಹತ್ತು ನಿಮಿಷಕ್ಕೆ ಫಸಲು. ಹಂದಿ ಬರಲ್ಲ, ನವಿಲು ಬರಲ್ಲ. ಹಸು ತಾನೇ ಬಂದು ಹಾಲು ಕೊಡುತ್ತೆ. ಇದನ್ನು ಮಾಡಿದವನು ಹೊಲ ನೋಡಿಲ್ಲ. ಐದಕ್ಕೆ ಒಂದೂವರೆ.’"

"ಅದು ನಿಜ ಸಾ."

"‘ಬಸ್ಸಿನ ಆಟ. ರಸ್ತೆ ಚೆನ್ನಾಗಿದೆ. ಪ್ಯಾಸೆಂಜರು ಒಬ್ಬನೂ ಬಾಯಿ ಬಿಡಲ್ಲ. ಬುಟ್ಟಿ ಹತ್ತಿಸಲ್ಲ. ನಾಯಕನಹಟ್ಟಿ–ಚಳ್ಳಕೆರೆ ಬಸ್ಸಿನಲ್ಲಿ ಒಂದು ದಿನ ಬಂದವನಿಗೆ ಇದು ಆಡೋಕೆ ಬೇಜಾರು. ಎರಡು.’" ನಾಗೇಂದ್ರಪ್ಪನ ಮೀಸೆಯ ತುದಿ ಅಲುಗಿದಂತಾಯಿತು, ಅದು ಕೆಮ್ಮೂ ಆಗಿರಬಹುದು. "‘ಕಳ್ಳ ಹೆಜ್ಜೆ ಆಟ. ನಾಲ್ಕೂವರೆ. ಆದರೆ ಇದರಲ್ಲಿ ಕಾವಲುಗಾರರು ದಡ್ಡರು. ಪಕ್ಕದವನು ಸತ್ತು ಬಿದ್ದಿದ್ದರೂ, ಗಾಳಿ ಇರಬೇಕು ಅಂತ ವಾಪಸ್ ಹೋಗುತ್ತಾರೆ. ನಮ್ಮ ಕೆಲಸಕ್ಕೆ ಅವಮಾನ.’ ಇದೇನಾ ಇಪ್ಪತ್ತು ಎಣಿಸೋದು?"

"ಹೂಂ ಸಾ. ಬೇಕಾದ್ರೆ ಆಡಿ ನೋಡ್ರಿ."

ಹೇಳಿದ ಮೇಲೆ ಗಂಗರಾಜುವಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ನಾಗೇಂದ್ರಪ್ಪ ಎದ್ದೇ ಬಿಟ್ಟ. ಇಬ್ಬರೂ ಗೇಟಿನ ಹೊರಗೆ ಬಂದರು. ಪೆಟ್ಟಿಗೆಯಿಂದ ಫೋನು ತೆಗೆಸಿ, ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು ನಾಗೇಂದ್ರಪ್ಪ ತನಿಖೆ ಶುರು ಮಾಡಿದ. ಹೊಲದ ಆಟ ನೋಡಿದ; ಟಿಕ್ ಹಾಕಿದ. ಬಸ್ಸಿನ ಆಟ ನೋಡಿದ, ಟಿಕ್. ಕಳ್ಳ ಹೆಜ್ಜೆ ಆಟದಲ್ಲಿ ಹದಿನೆಂಟಕ್ಕೆ ಗೋಡೆ ಹತ್ತದೆ ಮೂರು ಸಲ ಸಿಕ್ಕಿಬಿದ್ದ.

"ಇವ್ನು ಹದಿನಾರಕ್ಕೇ ತಿರುಗಿದ ಕಣಲೇ," ಎಂದ ಸಿಟ್ಟಿನಿಂದ.

"ನೀವು ಬೇಗ ಎಣಿಸ್ತಿದೀರ ಸಾ."

ನಾಲ್ಕನೇ ಸಲ ದಾಟಿದ. ಅವನ ಮುಖದಲ್ಲಿ ಒಂದು ಗಳಿಗೆ ಸಂತೋಷ ಬಂದು ಹೋಯಿತು. ಗಂಗರಾಜು ಉಳಿದುಕೊಂಡೆ ಎಂದುಕೊಂಡ. ಆಗ ನಾಗೇಂದ್ರಪ್ಪ ಫೋನನ್ನು ಬದಿಗಿಟ್ಟು ಹದಿನಾಲ್ಕನೇ ಪುಟ ತೆಗೆದ. ಆ ಪುಟದ ಮೂಲೆಯನ್ನು ಅವನು ಮೊದಲೇ ಮಡಿಚಿಟ್ಟಿದ್ದ.

"‘ನಾಲ್ಕನೇ ನಂಬರ್ ಕಂಬದಿಂದ ಬಡಗಲಿಗೆ ಇನ್ನೂರ ಹನ್ನೆರಡು ಹೆಜ್ಜೆ. ಬಾರೆ ಗಿಡ. ಅದರ ಹಿಂದೆ ಮೂರು ಕಲ್ಲು. ನಡುವಿನದು ಮೂಡಲಿಗೆ ವಾಲಿದೆ. ಗಿಡದ ಹತ್ತಿರ ಬೂಟು ಬಿಚ್ಚಬೇಕು.’ ಇದಕ್ಕೆ ಮಾರ್ಕಿಲ್ಲ. ಇದು ಯಾವ ಆಟ?"

"ಅದು... ಅಳಿಸಿದೆ ಸಾ. ಜಾಗ ಇರ್ಲಿಲ್ಲ."

"ಹೆಸರು?"

"ಕಲ್ಲಿನ ಆಟ."

"ಬೂಟು ಬಿಚ್ಚು ಅಂತ ಹೇಳೋ ಆಟ ಯಾವುದಲೇ?"

ಗಂಗರಾಜುವಿನ ಕೈ ತಾನಾಗಿಯೇ ಮಂಡಿಯ ಮೇಲಿನ ಧೂಳು ಒರೆಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿನವನು ಅವನು. ನಾಗೇಂದ್ರಪ್ಪ ಆ ಕೈಯನ್ನೇ ನೋಡುತ್ತಿದ್ದ. ಜೇಬಿನಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ಬೆಂಚಿನ ಮೇಲೆ ಹರಡಿದ. ಸಿಸಿಟಿವಿ ಕ್ಯಾಮೆರಾದಿಂದ ತೆಗೆಸಿದ ಚಿತ್ರ. ಹುಲ್ಲು, ಒಂದು ಗಿಡ, ಗಿಡದ ಬುಡದಲ್ಲಿ ಸಾಲಾಗಿಟ್ಟ ಎರಡು ಬೂಟು.

"ಪುಸ್ತಕ ಯಾರೂ ತಂದು ಕೊಟ್ಟಿದ್ದಲ್ಲ. ಈ ಬೂಟು ಕಂಡ್ಮೇಲೆ ನಾನೇ ನಿನ್ನ ಬೂತು ಹುಡುಕಿದೆ," ಎಂದ. "ಮೂತ್ರಕ್ಕೆ ಹೋಗೋನು ಬೂಟು ಬಿಚ್ಚಲ್ಲ. ಹೆಜ್ಜೆ ಗುರುತು ಬೀಳಬಾರ್ದು ಅನ್ನೋನು ಬಿಚ್ತಾನೆ. ಅಲ್ಲಿ ಏನ್ ಇಟ್ಟೀಯ? ಯಾರು ಹೇಳಿದ್ದು ನಿಂಗೆ?"

"ನಮ್ಮಪ್ಪ."

ನಾಗೇಂದ್ರಪ್ಪ ಬೇರೆ ಯಾವುದೋ ಹೆಸರನ್ನು ನಿರೀಕ್ಷಿಸಿದ್ದ.

ಗಂಗರಾಜು ಹೇಳಿದ. ಅವನಪ್ಪ ಗಾದ್ರಪ್ಪ ಕಿಲಾರಿ. ಹಟ್ಟಿಯವರು ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಗೋಡೆ ಏಳುವ ಮುಂಚೆ ಹಿಂಡು ಇದೇ ಕಾವಲಿನಲ್ಲಿ ಮೇಯುತ್ತಿತ್ತು. ಹಿಂಡಿನ ಮುಂದಾಳು ಎತ್ತು ಇಲ್ಲೇ ಸತ್ತಾಗ ಮನುಷ್ಯರಿಗೆ ಮಾಡಿದಂತೆಯೇ ಎಲ್ಲ ಮಾಡಿ, ಗುಣಿ ತೋಡಿ, ಮಣ್ಣು ಕೊಟ್ಟು, ಮೂರು ಕಲ್ಲು ನೆಟ್ಟಿದ್ದರು. ಆಮೇಲೆ ಗೋಡೆ ಬಂತು. ಕಲ್ಲು ಒಳಗೆ ಉಳಿಯಿತು, ಗಾದ್ರಪ್ಪ ಹೊರಗೆ ಉಳಿದ.

"ವಾರಕ್ಕೊಂದು ಸಲ ಕೇಳ್ತಾನೆ ಸಾ. ಹೋಗಿದ್ದಾ? ಯಾವ ಕಲ್ಲು ವಾಲೈತೆ, ಯಾವ ಕಡೀಗೆ? ಒಂದು ವಾರ ಹೇಳಿದ್ದಕ್ಕೂ ಇನ್ನೊಂದು ವಾರ ಹೇಳಿದ್ದಕ್ಕೂ ಫರಕು ಬಂತು. ನೀನು ಹೋಗೇ ಇಲ್ಲ, ಗೋಡೆಯೋರ ಜೊತೆ ಸೇರ್ಕೊಂಡು ಸುಳ್ಳು ಕಲ್ತೀಯ ಅಂದ. ಅದಕ್ಕೇ ಬರ್ಕೊಂಡೆ. ಕೈಯಾಗೆ ಬೇರೆ ಕಾಗದ ಇರ್ಲಿಲ್ಲ."

"ಎತ್ತಿನ ಕಲ್ಲಿಗೆ ಬೂಟು ಯಾಕೆ ಬಿಚ್ಬೇಕು?"

ಆರು ವರ್ಷದಲ್ಲಿ ಗಂಗರಾಜು ಈ ಮನುಷ್ಯನಿಗೆ ಒಮ್ಮೆಯೂ ಎದುರು ಮಾತಾಡಿರಲಿಲ್ಲ. ಕೆಲಸ ಹೋಗಿಯೇ ಬಿಟ್ಟಿತು ಎನ್ನಿಸಿದ್ದರಿಂದ ಬಾಯಿ ಬಂತು. "ನೀವು ಮೊಳಕಾಲ್ಮುರು ಮಗ್ಗದ ಮನೆಯೋರು. ನಿಮ್ಮಪ್ಪ ಮಗ್ಗದ ಗುಂಡಿಗೆ ಚಪ್ಪಲಿ ಹಾಕ್ಕೊಂಡು ಇಳೀತಿದ್ರಾ ಸಾ?"

ನಾಗೇಂದ್ರಪ್ಪ ಚಿತ್ರವನ್ನು ಮಡಿಚಿ ಜೇಬಿಗಿಟ್ಟ. "ಕಥೆ ಚೆನ್ನಾಗೈತೆ," ಎಂದ. "ನಾಳೆ ಎಂಟಕ್ಕೆ ನಿಮ್ಮಪ್ಪನ್ನ ಇಲ್ಲಿಗೆ ಕರ್ಕೊಂಡು ಬಾ. ಈ ಪುಟದ ಸುದ್ದಿ ಅವನತ್ರ ಎತ್ತಬ್ಯಾಡ. ಅವನು ಹೇಳೋದಕ್ಕೂ ನೀನು ಬರ್ದಿರೋದಕ್ಕೂ ಒಂದು ಅಕ್ಷರ ಫರಕು ಬಂದ್ರೂ ರಿಪೋರ್ಟು ಮೇಲೆ ಹೋಗ್ತೈತೆ."

ಮನೆಯಲ್ಲಿ ಹೆಂಡತಿ ಕಾವ್ಯ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ಆಡಿದ್ದಾತು, ಬಿಟ್ಟಿದ್ದಾತು. ಬರಿಯೋಕೆ ಯಾರು ಹೇಳಿದ್ರು ನಿಮಗೆ?" ಎಂದಳು. ಗಂಗರಾಜು ಹೊರಗೆ ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಗಾದ್ರಪ್ಪನಿಗೆ, ನಾಳೆ ಸಾಹೇಬರು ಕರೆದಿದ್ದಾರೆ ಎಂದಷ್ಟೇ ಹೇಳಿದ.

"ಯಾಕಂತೆ?" ಮುದುಕನ ಕಣ್ಣು ಸಣ್ಣಗಾಯಿತು. "ಕಲ್ಲು ಕಿತ್ತು ಹಾಕ್ಯಾರೇನು? ಅದ್ನ ಹೇಳೋಕೆ ಕರೀತಾರಾ? ನೀನು ವಾರ ವಾರ ಐತೆ ಐತೆ ಅಂತ ನನ್ನ ಬಾಯಿ ಮುಚ್ಚಿಸ್ತಿದ್ಯಾ?"

"ಇಲ್ಲಪ್ಪ. ಕಲ್ಲು ಇದಾವೆ."

"ನಿನ್ ಮಾತು ನಾನು ನಂಬಲ್ಲ," ಎಂದು ಗಾದ್ರಪ್ಪ ಕಂಬಳಿ ಹೊದ್ದುಕೊಂಡ. ಗಂಗರಾಜುವಿಗೆ ತುಂಬ ನೋವಾಯಿತು. ಇದೇ ಮಾತಿಗಾಗಿ ತಾನು ಕೆಲಸ ಕಳೆದುಕೊಳ್ಳುತ್ತಿದ್ದೇನೆ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಬೆಳಿಗ್ಗೆ ನಾಗೇಂದ್ರಪ್ಪ ಮುದುಕನನ್ನು ಬೇವಿನ ಮರದ ಬೆಂಚಿನ ಮೇಲೆ ಕೂರಿಸಿದ. ಗಂಗರಾಜುವನ್ನು ಮಾತು ಕೇಳಿಸದಷ್ಟು ದೂರ ನಿಲ್ಲಿಸಿದ. ಗಾದ್ರಪ್ಪ ಕೈ ಎತ್ತಿ ಎತ್ತಿ ಏನೋ ಹೇಳುತ್ತಿದ್ದ, ನಾಗೇಂದ್ರಪ್ಪ ಬರೆದುಕೊಳ್ಳುತ್ತಿದ್ದ. ಒಮ್ಮೆ ಇಬ್ಬರ ಧ್ವನಿಯೂ ಏರಿತು. ಆಮೇಲೆ ನಾಗೇಂದ್ರಪ್ಪ ಗಂಗರಾಜುವಿನ ಹತ್ತಿರ ಬಂದ. ಮುಖ ಬಿಗಿದಿತ್ತು.

"ಕಂಬನೇ ಇಲ್ಲ ಅಂತಾನೆ. ಹುತ್ತ ಅಂತಾನೆ. ಹುತ್ತದಿಂದ ಎರಡು ಕೂಗಳತೆ ಅಂತಾನೆ. ನಡುವಿನ ಕಲ್ಲಲ್ಲ, ಪಡುವಲ ಕಲ್ಲು ವಾಲಿತ್ತು ಅಂತಾನೆ. ಒಂದೂ ತಾಳೆ ಆಗ್ತಿಲ್ಲವಲ್ಲೋ!"

"ಅವನು ನೋಡಿ ಹನ್ನೆರಡು ವರ್ಷ ಆತು ಸಾ. ಆಗ ಕಂಬ ಎಲ್ಲಿತ್ತು?"

ನಾಗೇಂದ್ರಪ್ಪ ವಾಚು ನೋಡಿಕೊಂಡ. ಎಂಟೂಮುಕ್ಕಾಲು. ನೋಟ್‌ಬುಕ್ಕಿನಿಂದ ಹದಿನಾಲ್ಕನೇ ಪುಟವನ್ನು ಪರ್ ಎಂದು ಹರಿದು ಕೈಯಲ್ಲಿ ಹಿಡಿದು, "ಇಬ್ರೂ ಅಲ್ಲಾಡಬ್ಯಾಡಿ. ನಾನೇ ನೋಡ್ಕೊಂಡು ಬರ್ತೀನಿ," ಎಂದು ಗೇಟಿನೊಳಕ್ಕೆ ಹೋದ.

ನಾಲ್ಕನೇ ಕಂಬಕ್ಕೆ ಹೋಗಿ ಬರಲು ಹದಿನೈದು ನಿಮಿಷ ಸಾಕು. ಒಂಬತ್ತಾಯಿತು. ಒಂಬತ್ತೂಕಾಲಾಯಿತು. ಅಪ್ಪ ಮಗ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಪಾಳಿಗೆ ಬಂದ ಕಿರಣ್‌ಕುಮಾರ ಗಂಗರಾಜುವನ್ನು ನೋಡಿ ಹತ್ತಿರ ಬಂದ, ಹೆಗಲ ಮೇಲೆ ಕೈಯಿಟ್ಟು ಒಳಗೆ ಹೋದ. ಅವನ ಮೇಲೆ ಪಟ್ಟ ಅನುಮಾನಕ್ಕೆ ಗಂಗರಾಜುವಿಗೆ ನಾಚಿಕೆಯಾಯಿತು.

"ಕಲ್ಲಿಲ್ಲ," ಎಂದ ಗಾದ್ರಪ್ಪ ತನಗೆ ತಾನೇ. "ಇದ್ದಿದ್ರೆ ಇಷ್ಟೊತ್ತಿಗೆ ಬರ್ತಿದ್ದ."

ಒಂಬತ್ತೂವರೆಗೆ ನಾಗೇಂದ್ರಪ್ಪ ಬಂದ. ಅಂಗಿಯ ಬೆನ್ನು ಒದ್ದೆಯಾಗಿತ್ತು. ಕೈಯಲ್ಲಿ ಪುಟ ಇರಲಿಲ್ಲ. ನೋಟ್‌ಬುಕ್ಕನ್ನು ಗಂಗರಾಜುವಿನ ತೊಡೆಯ ಮೇಲೆ ಎಸೆದ.

"ಬರೀ ಕಲ್ಲು," ಎಂದ. "ರಿಪೋರ್ಟು ಬರಿಯೋವಂಥದ್ದು ಏನೂ ಇಲ್ಲ. ಆದ್ರೆ ನೀನು ಇನ್ಮೇಲೆ ಒಳಗಿನ ಡ್ಯೂಟಿ ಮಾಡೋ ಹಂಗಿಲ್ಲ. ಇವತ್ತಿಂದ ಈ ಹೊರಗಿನ ಗೇಟು. ನಾಲ್ಕನೇ ಕಂಬದ ಕಡೆ ತಲೆ ಹಾಕಿದ್ರೆ ನಾನೇ ಪೊಲೀಸ್ರನ್ನ ಕರೀತೀನಿ. ಗೊತ್ತಾತಾ?"

"ಗೊತ್ತಾತು ಸಾ." ಕೆಲಸ ಉಳಿಯಿತು. ಗಂಗರಾಜುವಿಗೆ ಖುಷಿಪಡಲು ಆಗಲಿಲ್ಲ. ಮುಂದಿನ ವಾರ ಅಪ್ಪ ಕೇಳಿದಾಗ ಏನು ಹೇಳುವುದೆಂದು ಆಗಲೇ ಯೋಚನೆ ಹತ್ತಿತ್ತು.

ಗಾದ್ರಪ್ಪ ಕೋಲೂರಿ ಎದ್ದು ನಿಂತ. "ಸಾಮಿ, ಯಾವ ಕಲ್ಲು ವಾಲೈತೆ?"

"ನಡುವಿಂದು."

"ಯಾವ ಕಡೀಗೆ?"

"ಮೂಡಲಿಗೆ. ನಿನ್ನ ಮಗ ಬರ್ದಿದ್ದು ಸರಿ ಐತೆ."

ಮುದುಕ ಸೂಪರ್‌ವೈಸರನ ಮುಖವನ್ನೂ ಅನುಮಾನದಿಂದಲೇ ನೋಡಿದ. ನಾಗೇಂದ್ರಪ್ಪ ಬೆಂಚಿನ ಮೇಲೆ ಕುಸಿದು, "ಥತ್, ಚುಚ್ತೈತೆ," ಎನ್ನುತ್ತ ಬೂಟಿನ ದಾರ ಸಡಿಲಿಸಿದ. ಬೂಟು ಕಳಚಿತು. ಕಪ್ಪು ಸಾಕ್ಸಿನ ಅಂಗಾಲಿನ ತುಂಬ ಕರಡದ ಹುಲ್ಲಿನ ಮುಳ್ಳು ಚುಚ್ಚಿಕೊಂಡಿತ್ತು. ಅವನು ಗಡಿಬಿಡಿಯಿಂದ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಗಾದ್ರಪ್ಪ ಕೋಲು ಬಿಟ್ಟು ಬಗ್ಗಿದ.

"ಏಯ್, ಕಾಲು ಮುಟ್ಟಬ್ಯಾಡ, ಏಳಪ್ಪ, ಏಳು," ಎಂದ ನಾಗೇಂದ್ರಪ್ಪ.

ಗಾದ್ರಪ್ಪ ಏಳಲಿಲ್ಲ. ನೆಲದ ಮೇಲೆ ಕೂತು, ಆ ಕಾಲನ್ನು ತನ್ನ ಮೊಣಕಾಲ ಮೇಲೆ ಇರಿಸಿಕೊಂಡು, ಸಾಕ್ಸಿನಿಂದ ಒಂದೊಂದೇ ಮುಳ್ಳನ್ನು ಕಿತ್ತು ಅಂಗೈಯಲ್ಲಿ ಹಾಕಿಕೊಳ್ಳತೊಡಗಿದ. ಎಲ್ಲ ಮುಗಿದ ಮೇಲೆ ಅಂಗೈಯನ್ನು ಮಗನ ಮುಂದೆ ಹಿಡಿದು ತೋರಿಸಿದ. ಆಮೇಲೆ ಟವೆಲ್ಲಿನ ಚುಂಗಿಗೆ ಸುರಿದು ಗಂಟು ಹಾಕಿಕೊಂಡ.