ಶನಿಯನ್ನು ಹಿಡಿದ ಗಂಡ

ಕೇಳಿ ಸ್ವಾಮಿ, ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಸೇದಿಹೋಗಲಿ. ಉಪ್ಪು ಖಾರ ನಾನು ಅಡುಗೆಗೇ ಕಮ್ಮಿ ಹಾಕುವವನು, ಇನ್ನು ಮಾತಿಗೆ ಹಾಕುತ್ತೇನೆಯೇ?

ಒಬ್ಬ ಟೈಲರಮ್ಮ ಇದ್ದಳು. ಅವಳ ಗಂಡ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ, ಅದರ ಮರುವಾರ ಎರಡೂ ಅಲ್ಲದ್ದು. ಹೀಗೆ ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ ಅವನ ನಿದ್ದೆ ದಾರಿ ತಪ್ಪಿ ಎಲ್ಲೋ ಹೋಗಿಬಿಟ್ಟಿತು. ತಟ್ಟೆ ಮುಂದೆ ಕೂತರೆ ತೂಕಡಿಕೆ, ಹಾಸಿಗೆಗೆ ಬಿದ್ದರೆ ಹಸಿವು. ಮಾತ್ರೆ ನುಂಗಿದ, ತಲೆಗೆ ಎಣ್ಣೆ ತಿಕ್ಕಿಸಿಕೊಂಡ. ಏನೂ ಆಗಲಿಲ್ಲ. ಕೊನೆಗೆ ಫ್ಯಾಕ್ಟರಿಯ ವಾಚ್‌ಮನ್ ಒಂದು ಮಾತು ಹೇಳಿದ.

"ನಿನ್ನ ಮೈಗೆ ಸೈರನ್ ಅರ್ಥ ಆಗಲ್ಲ ಕಣಯ್ಯ. ಚಂದ್ರ ಅರ್ಥ ಆಗ್ತಾನೆ. ಅವನ ಜೊತೆ ನಡಿ."

ಗಂಡ ನಡೆದ. ಚಂದ್ರ ಬೆಳೆಯುವಾಗ ದಿನಕ್ಕೊಂದು ತುತ್ತು ಹೆಚ್ಚಿಸಿದ, ಕರಗುವಾಗ ಇಳಿಸಿದ, ಅಮಾವಾಸ್ಯೆಗೆ ಬರೀ ನೀರು. ಮೊದಲ ತಿಂಗಳೇ ಗೊರಕೆ ಹೊಡೆದ. ಹೆಂಡತಿಗೆ ಆ ಗೊರಕೆ ಕೇಳಿ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಅವನ ಮೈಯೇ ಪಾಠ ಕಲಿತುಬಿಟ್ಟಿತು. ಹುಣ್ಣಿಮೆಗೆ ಊದಿ ಊದಿ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಅಮಾವಾಸ್ಯೆಗೆ ಎಷ್ಟು ಸೊರಗುತ್ತಿದ್ದನೆಂದರೆ, ಕುರ್ಚಿಯ ಮೇಲೆ ಅಂಗಿ ಬಿದ್ದಿದೆಯಲ್ಲ ಅಂತ ಹೆಂಡತಿ ಎತ್ತಿ ಮಡಚಲು ಹೋದರೆ ಒಳಗಿನಿಂದ, "ನಾನಿದೀನಿ ಕಣೇ," ಅನ್ನುತ್ತಿದ್ದ.

ಪಾಪ, ಒಂದೇ ಪ್ಯಾಂಟಿನ ಹೊಲಿಗೆಯನ್ನು ಅವಳು ಒಂದು ಪಕ್ಷವೆಲ್ಲ ಬಿಚ್ಚುವುದು, ಇನ್ನೊಂದು ಪಕ್ಷವೆಲ್ಲ ಹಿಡಿಯುವುದು.

"ರೀ, ಹೀಗಾದ್ರೆ ಗಿರಾಕಿಗಳ ಬಟ್ಟೆ ಯಾವಾಗ ಹೊಲೀಲಿ ನಾನು?"

"ಚಂದ್ರನ್ನ ಕೇಳು."

ಚಂದ್ರ ಸಾಲದೆ ಋತುಗಳೂ ಬಂದವು. ಎಲೆ ಉದುರುವ ಕಾಲಕ್ಕೆ ಅವನ ತಲೆಕೂದಲು, ಹುಬ್ಬು, ಮೀಸೆ ಎಲ್ಲ ಉದುರಿತು. ಗಿಡ ಚಿಗುರುವಾಗ ಎಳೆಗೂದಲು ಬಂತು, ತುಸು ಹಸಿರಾಗಿ. ಇದನ್ನು ನಾನು ಒತ್ತಿ ಹೇಳುವುದಿಲ್ಲ. ಸಂಜೆ ಬೆಳಕಿಗೆ ಹಾಗೆ ಕಂಡಿದ್ದಿರಬಹುದು. ಫ್ಯಾಕ್ಟರಿಯವರಿಗೆ ಹಸಿರು ಕೂದಲು ತೊಂದರೆಯಾಗಲಿಲ್ಲ, ಅಮಾವಾಸ್ಯೆಯ ರಜೆ ತೊಂದರೆಯಾಯಿತು. ಮನೆಗೆ ಕಳಿಸಿದರು.

ಕೈಯಲ್ಲಿ ಕೆಲಸವಿಲ್ಲದ ಮನುಷ್ಯನ ಕಣ್ಣು ಇನ್ನೂ ಮೇಲಕ್ಕೇರಿತು.

"ಚಂದ್ರ ಸರಿ ಇಲ್ಲ ಕಣೇ. ತಿಂಗಳಿಗೊಂದ್ಸಲ ಸಾಯೋದು, ಹುಟ್ಟೋದು. ಸುಸ್ತಾಗುತ್ತೆ. ಶನಿ ನೋಡು, ಒಂದು ಸುತ್ತಿಗೆ ಮೂವತ್ತು ವರ್ಷ! ಏನು ಗಾಂಭೀರ್ಯ!"

"ಶನಿ ಜನರನ್ನ ಹಿಡಿಯುತ್ತೆ ಅಂತ ಕೇಳಿದ್ದೆ. ತಾವಾಗೇ ಹೋಗಿ ಶನಿಯನ್ನ ಹಿಡ್ಕೊಂಡವರನ್ನ ಇವತ್ತೇ ನೋಡಿದ್ದು," ಅಂದಳು ಹೆಂಡತಿ.

ಗಂಡ ಶನಿಯ ಹಾಗೇ ನಿಧಾನವಾಗುತ್ತ ಹೋದ. ಬೆಳಿಗ್ಗೆ ಎತ್ತಿದ ಲೋಟ ಸಂಜೆಗೆ ತುಟಿ ಮುಟ್ಟುತ್ತಿತ್ತು. ಒಂದು ಆಕಳಿಕೆ ಬೇಸಿಗೆಯಲ್ಲಿ ಶುರುವಾಗಿ ಮಳೆಗಾಲದಲ್ಲಿ ಮುಗಿಯಿತು. ನಡುವೆ ಒಂದು ಜೇಡ ಅವನ ಬಾಯಿಯಲ್ಲಿ ಬಲೆ ಕಟ್ಟಿ, ಸಂಸಾರ ಹೂಡಿ, ಮಕ್ಕಳನ್ನು ದಡ ಸೇರಿಸಿ, ಖಾಲಿ ಮಾಡಿಕೊಂಡು ಹೋಯಿತು. ಊಟ ನಿಂತೇ ಹೋಯಿತು. ಖರ್ಚಿಲ್ಲದ ಗಂಡ ಅಂತ ಪಕ್ಕದ ಮನೆಯವಳು ಹೊಟ್ಟೆ ಉರಿದುಕೊಂಡಳು. ಕೊನೆಗೆ ಹೊಲಿಗೆ ಮಷೀನಿನ ಪಕ್ಕದ ಕುರ್ಚಿಯಲ್ಲಿ, ಹೆಂಡತಿಯ ಕಡೆ ತಿರುಗಲು ಹೊರಟ ಮುಖ ಅರ್ಧಕ್ಕೇ ನಿಂತಿತು. ಅವಳು ದಿನಾ ಅವನ ಮೇಲಿನ ಧೂಳು ಒರೆಸಿ ಕೆಲಸಕ್ಕೆ ಕೂರುತ್ತಿದ್ದಳು.

ಅವನ ತಮ್ಮ ಬಡಗಿ. ಬಂದು ನೋಡಿದವನೇ ತಲೆಯ ಮೇಲೆ ಕೈ ಹೊತ್ತ.

"ಅತ್ತಿಗೆ, ಅಣ್ಣ ಹೋಗಿಬಿಟ್ಟಿದಾನೆ."

"ಎಲ್ಲಿಗೆ? ಇಲ್ಲೇ ಕೂತಿದಾರಲ್ಲ."

ಡಾಕ್ಟರು ಬಂದರು. ನಾಡಿ ಹಿಡಿದು ಒಂದು ನಿಮಿಷ ನೋಡಿ ತಲೆಯಾಡಿಸಿದರು.

"ಒಂದು ವರ್ಷ ಹಿಡ್ಕೊಂಡು ನೋಡಿ ಡಾಕ್ಟ್ರೇ."

"ನನಗೆ ಬೇರೆ ಪೇಷೆಂಟುಗಳಿದಾರಮ್ಮ."

ಟೈಲರಮ್ಮ ಕೊರಳಲ್ಲಿದ್ದ ಟೇಪು ತೆಗೆದು ಗಂಡನ ಎದೆಗೆ ಸುತ್ತಿದಳು. "ಹೋದ ಚಳಿಗಾಲಕ್ಕಿಂತ ಒಂದು ಬೆರಳು ಜಾಸ್ತಿಯಾಗಿದೆ. ಉಸಿರು ಎಳ್ಕೋತಿದಾರೆ."

"ಟೇಪು ಹಿಗ್ಗಿದೆ ಅತ್ತಿಗೆ."

"ಟೇಪು ಹಿಗ್ಗಿದ್ರೆ ಅಳತೆ ಕಮ್ಮಿ ಬರಬೇಕು ಕಣೋ. ಬಡಗಿಯಾಗಿ ಅಷ್ಟೂ ಗೊತ್ತಿಲ್ವಾ?"

ಮೈದುನ ಕಿವಿ ಕೆರೆದುಕೊಂಡ. ಕಡೆಗೆ ಒಂದು ಒಪ್ಪಂದವಾಯಿತು. ಎಳೆದ ಉಸಿರನ್ನು ಯಾವ ಪ್ರಾಣಿಯಾದರೂ ಬಿಡಲೇಬೇಕಲ್ಲ. ಎದೆ ಇಳಿದರೆ ಅಣ್ಣ ಬದುಕಿದ್ದಾನೆ, ಅವನು ಕುರ್ಚಿಯಲ್ಲೇ ಇರಲಿ. ಕಾದು ಕಾದೂ ಇಳಿಯದಿದ್ದರೆ ಮಣ್ಣಿಗೆ.

ವರ್ಷಗಳು ಹೋದವು. ಅಳತೆ ಕೊಡಲು ಬಂದ ಹೆಂಗಸರು ಕುರ್ಚಿಯ ಕಡೆ ನೋಡಿ, ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಹಾಗೇ ಹಿಂದಿರುಗುತ್ತಿದ್ದರು. ಅವಳ ತಲೆ ಹಣ್ಣಾಯಿತು. ಸೂಜಿಯ ಕಣ್ಣು ಕಾಣದಾಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಒಂದು ದಿನ ಅವನ ಕೆನ್ನೆ ಒರೆಸುತ್ತ ಅವಳಿಗೆ ಹೊಳೆಯಿತು: ಈ ಮುಖ ಪೂರ್ತಿ ತಿರುಗಿ ನನ್ನನ್ನು ನೋಡುವ ಹೊತ್ತಿಗೆ ಇಲ್ಲಿ ನಾನಿರುವುದಿಲ್ಲ. ಬರೀ ಮಷೀನಿರುತ್ತದೆ.

ಆ ಬೇಸಿಗೆಯಲ್ಲಿ ಮೈದುನ ಪೆಟ್ಟಿಗೆ ಮಾಡಿಕೊಂಡೇ ಬಂದ. ಅವನೂ ಮುದುಕನಾಗಿದ್ದ.

"ಕೊನೇ ಸಲ ಅಳೀರಿ ಅತ್ತಿಗೆ. ನೀವು ಹೇಳಿದ್ದೇ ಮಾತು. ಇಳಿದಿದ್ರೆ ಪೆಟ್ಟಿಗೆ ವಾಪಸ್ ತಗೊಂಡು ಹೋಗಿ ಅಕ್ಕಿ ತುಂಬಿಟ್ಕೋತೀನಿ."

ಅವಳು ಟೇಪು ಸುತ್ತಿದಳು. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಒಂದು ಬೆರಳು ಇಳಿದಿತ್ತು. ಇನ್ನೊಮ್ಮೆ ಸುತ್ತಿದಳು. ಮತ್ತೆ ಅಷ್ಟೇ ಬಂತು. ಅವಳ ಮುಂಗೈಗೆ ಬೆಚ್ಚಗೆ, ಇದೆಯೋ ಇಲ್ಲವೋ ಅನ್ನುವಷ್ಟು ಗಾಳಿ ತಾಕುತ್ತಿತ್ತು.

"ಎಷ್ಟು ಬಂತು ಅತ್ತಿಗೆ?"

ಅವಳು ಟೇಪನ್ನು ತುದಿಯವರೆಗೂ ಬೆರಳಿಗೆ ಸುತ್ತಿಕೊಂಡಳು.

"ಅಷ್ಟೇ ಇದೆ," ಅಂದಳು. "ಇಳಿದಿಲ್ಲ."

ಕೊನೆಯ ಅಂಗಿಯನ್ನು ತಾನೇ ಹೊಲಿದಳು. ಎದೆಗೆ ಎರಡು ಬೆರಳು ಸಡಿಲ ಬಿಟ್ಟಳು.

"ಅಳತೆಗಿಂತ ದೊಡ್ಡದಾಯ್ತಲ್ಲ ಅತ್ತಿಗೆ?"

"ಇರಲಿ ಬಿಡು. ಬಿಗಿ ಬಟ್ಟೆ ಅವರಿಗೆ ಆಗಲ್ಲ."

ಮುಚ್ಚಳ ಹಾಕುವಾಗ, ಅವನ ಮುಖ ತಿರುಗಿದ್ದ ಕಡೆ ಅವಳು ನಿಲ್ಲಲಿಲ್ಲ. ಆಚೆ ಬದಿಗೆ ಹೋಗಿ ನಿಂತಳು. ಮೊಳೆ ಹೊಡೆಯುವ ಮೈದುನನ ಕೈಗೆ ಒಂದೊಂದಾಗಿ ಮೊಳೆ ಕೊಟ್ಟವಳೂ ಅವಳೇ.

ಆಮೇಲೆ ಗಿರಾಕಿಗಳು ಬಂದರು. ಕುರ್ಚಿಯ ಮೇಲೆ ಬಟ್ಟೆಗಳು ರಾಶಿ ಬಿದ್ದವು. ಎಷ್ಟೋ ವರ್ಷಗಳ ನಂತರ ಅವಳು ಕಾಲು ಚಾಚಿ ಮಲಗಿದಳು, ಆದರೆ ನಿದ್ದೆ ಈಗ ಅವಳನ್ನು ಬಿಟ್ಟು ಹೋಗಿತ್ತು. ಹೂತ ಜಾಗದ ಹೊಸ ಮಣ್ಣಿನ ಗುಡ್ಡೆ ಒಂದೆರಡು ಮಳೆಗೆ ಕುಸಿಯಬೇಕು. ಅಕ್ಕಪಕ್ಕದವೆಲ್ಲ ಕುಸಿದು ನೆಲ ಸೇರಿದ್ದವು. ಅವನದ್ದು ಮಾತ್ರ ಹಾಗೇ ಇದೆ ಅಂತ ಯಾರೋ ಹೇಳಿದರು. ಅವಳು ನಡು ಮಧ್ಯಾಹ್ನ ಒಬ್ಬಳೇ ಹೋದಳು. ಮಂಡಿಯೂರಿ ಮಣ್ಣಿಗೆ ಕಿವಿ ಹಚ್ಚಿದಳು. ಮೊದಲು ನೀರು ಇಂಗುವ ಸದ್ದು ಅಂದುಕೊಂಡಳು. ಆಮೇಲೆ ಗೊತ್ತಾಯಿತು, ಅದು ಹಲಗೆಯ ಮೇಲೆ ಉಗುರು, ನಿಧಾನವಾಗಿ, ಬಹಳ ನಿಧಾನವಾಗಿ... ಅರೆ, ಕಥೆ ಕೇಳ್ತಾ ಕೂತಿದ್ದವರು ಎದ್ದುಬಿಟ್ಟಿರಾ? ಎಲ್ಲಿಗೆ ಹೊರಟಿರಿ ಸ್ವಾಮಿ? ಕೂತ್ಕೊಳ್ಳಿ, ಅವಳು ಗುದ್ದಲಿ ತರೋಕೆ ಹೋದಳೋ, ಇಲ್ಲ ಸುಮ್ನೆ ಸೆರಗು ಕೊಡವಿಕೊಂಡು ಮನೆ ಕಡೆಗೆ ಹೋದಳೋ ಅನ್ನೋದನ್ನ ಕೇಳದೇನೇ ಹೀಗೆ ಚಪ್ಪಲಿ ಮೆಟ್ಕೊಂಡು—